ಕೊನೆಯ ಮನೆಯ ಮೀಟರು

ಏಪ್ರಿಲ್ 7, ಸೋಮವಾರ. ಬೆಳಿಗ್ಗೆ 10.50

ಮನೆಗೆ ಬಂದು ಕಾಲು ತೊಳೆದು ಫ್ಯಾನಿನ ಕೆಳಗೆ ಕೂತಿದ್ದೇನೆ. ಎಪ್ಪತ್ತನಾಲ್ಕು ಮೀಟರು ಓದಿದ್ದಾಯಿತು. ಎರಡು ಗೇಟು ಬೀಗ. ಹಸಿರು ಗೇಟಿನ ನಾಯಿಗೆ ಪಾಪ ಬೊಗಳುವಷ್ಟೂ ತ್ರಾಣವಿಲ್ಲ. ಬಾಲ ಒಂದು ಸಲ ಅಲ್ಲಾಡಿಸಿ ಮಲಗಿಬಿಟ್ಟಿತು. ಹನ್ನೊಂದು ವರ್ಷದ ನಮ್ಮ ವೈರ ಈ ಬಿಸಿಲಿನಿಂದ ಮುಗಿಯಿತು.

ನೀರು ಸರಬರಾಜು ಆಫೀಸಿನ ಹೊಸ ಆರ್ಡರ್: ಹೊರಗಿನ ಕೆಲಸದವರೆಲ್ಲ ಎಷ್ಟು ಹೊತ್ತು ಬಿಸಿಲಲ್ಲಿದ್ದೆವು, ಎಷ್ಟು ನೀರು ಕುಡಿದೆವು, ದಿನಾ ಬರೆದಿಡಬೇಕು. ಆಫೀಸಿಗೆ ಕೊಡುವ ಹಾಳೆ ಬೇರೆ. ಇದು ನನ್ನದು. ಹಳೇ ರೀಡಿಂಗ್ ಬುಕ್ಕಿನ ಹಿಂದೆ ಖಾಲಿ ಹಾಳೆ ಅಷ್ಟೊಂದು ಉಳಿದಿತ್ತು, ಬಿಸಾಡಲು ಮನಸ್ಸು ಬರಲಿಲ್ಲ. ಡ್ಯೂಟಿ ಈಗ ಆರರಿಂದ ಹತ್ತೂವರೆ. ಹನ್ನೊಂದರಿಂದ ನಾಲ್ಕರ ತನಕ ಯಾರೂ ರೋಡಿಗೆ ಇಳಿಯಕೂಡದು.

ನೀರಿನ ಮೀಟರಿರುವ ಗುಂಡಿಯ ಕಬ್ಬಿಣದ ಮುಚ್ಚಳ ಎಂಟು ಗಂಟೆಗೇ ಕಾದು ಕೂತಿರುತ್ತದೆ. ಹೋದ ವಾರ ಎರಡು ಬೆರಳು ಬೊಬ್ಬೆ ಎದ್ದಿತ್ತು. ಇವತ್ತು ಅತ್ತೆಯ ಇಕ್ಕಳ ಬ್ಯಾಗಿಗೆ ಹಾಕಿಕೊಂಡು ಹೋಗಿದ್ದೆ. ಏನು ಸುಖ! ಹಿಡಿ, ಎತ್ತು, ಓದು, ಮುಚ್ಚು. ಮನೆಯಲ್ಲಿ ಮಾತ್ರ ನಿನ್ನೆ ಇಡೀ ದಿನ ಯುದ್ಧ.

"ಇಪ್ಪತ್ತಾರು ವರ್ಷ ಆ ಇಕ್ಕಳದಲ್ಲಿ ಪಾತ್ರೆ ಇಳಿಸಿದೀನಿ ಕಣೇ. ಅದನ್ನ ತಗೊಂಡೋಗಿ ಗುಂಡಿಗೆ ಹಾಕ್ತೀಯಾ?"

"ಉಜ್ಜಿ ತೊಳೆದು ಕೊಡ್ತೀನಿ ಅತ್ತೆ."

"ನಿಮ್ಮ ಆಫೀಸಿನವರಿಗೆ ಒಂದು ಇಕ್ಕಳಕ್ಕೂ ಗತಿ ಇಲ್ವಾ?"

ಅತ್ತೆಗೆ ಎಪ್ಪತ್ತೆಂಟು. ನೀರು ಕುಡಿಯುವುದೆಂದರೆ ಆಗದು. ಕುಡಿದರೆ ಎದ್ದೆದ್ದು ಬಚ್ಚಲಿಗೆ ಹೋಗಬೇಕಂತೆ, "ಮಂಡಿ ನಿಮ್ಮಪ್ಪ ತಂದು ಕೊಡ್ತಾನಾ?" ಅಂತೆ. ಕೊನೆಗೆ ಒಪ್ಪಂದವಾಯಿತು. ನನ್ನ ಕಣ್ಣ ಮುಂದೆ ದಿನಕ್ಕೆ ಆರು ಲೋಟ. ಆರನೇ ಲೋಟ ಖಾಲಿಯಾದರೆ ಇಕ್ಕಳ ವಾಪಸ್. ನಿನ್ನೆ ಐದು ಕುಡಿದು, ಆರನೆಯದನ್ನು ತುಳಸಿಗೆ... ಅಲ್ಲ, ಕಿಟಕಿಯ ಕುಂಡಕ್ಕೆ ಸುರಿಯಲು ಹೋಗಿ ಸಿಕ್ಕಿಬಿದ್ದರು. ಇಬ್ಬರೂ ನಕ್ಕು ಸುಸ್ತು.

ಬಿಸಿಲಲ್ಲಿ: ನಾಲ್ಕೂವರೆ ಗಂಟೆ. ನೀರು: ಒಂಬತ್ತು ಲೋಟ.

ಏಪ್ರಿಲ್ 8, ಮಂಗಳವಾರ. ಬೆಳಿಗ್ಗೆ 11.30

ಮೀಟಿಂಗ್. ಹನ್ನೊಂದು ಜನ ಮೀಟರ್ ರೀಡರುಗಳು, ಎರಡು ಫ್ಯಾನು. ಇಂಜಿನಿಯರ್ ಮೇಡಂ ನನ್ನ ಮಗಳ ವಯಸ್ಸಿನವರು, ಆದರೆ ಮಾತು ನೇರ. ಈ ತಿಂಗಳು ಮಾಮೂಲಿ ರೀಡಿಂಗ್ ಬಂದ್. ಎಪ್ಪತ್ತು ದಾಟಿ ಒಂಟಿಯಾಗಿರುವವರ ಪಟ್ಟಿ ಮಾಡಿದ್ದಾರೆ. ದಿನಾ ಬೆಳಿಗ್ಗೆ ಹೋಗಿ ನೋಡಿ ಬರಬೇಕು. "ಡಾಕ್ಟರಿಗಿಂತ ಚೆನ್ನಾಗಿ ಪ್ರತಿ ಗೇಟು ಗೊತ್ತಿರೋದು ನಿಮಗೇ" ಅಂದರು. ಹಿಂದಿನ ಸಾಲಿನಲ್ಲೂ ಬೆನ್ನು ನೆಟ್ಟಗಾಯಿತು.

ಆಸ್ಪತ್ರೆಯ ನರ್ಸಮ್ಮ ಬಂದು ಹೇಳಿದ್ದು: ಚರ್ಮ ಒಣಗಿ ಬಿಸಿಯಾಗಿದ್ದರೆ, ಮಾತು ತೊದಲಿದರೆ, ಹೇಳಿದ್ದನ್ನೇ ಹೇಳುತ್ತಿದ್ದರೆ ತಕ್ಷಣ ವ್ಯಾನಿಗೆ ಫೋನ್. ಕುತ್ತಿಗೆಗೆ, ಕಂಕುಳಿಗೆ ಒದ್ದೆ ಬಟ್ಟೆ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಲೇಬಾರದು. ಲೈಬ್ರರಿಯ ಕೆಳಗಿನ ಹಾಲನ್ನು ಹಗಲೂ ರಾತ್ರಿ ತೆರೆದಿಡುತ್ತಾರೆ. ಕೂಲರು, ಕುಡಿಯುವ ನೀರು, ಮಲಗಲು ನಾಲ್ಕು ಮಂಚ. ಬರಲಾಗದವರನ್ನು ಕರೆತರಲು ವ್ಯಾನು.

ನನ್ನ ನಾಲ್ಕನೇ ರೂಟಿನಲ್ಲಿ ಹತ್ತೊಂಬತ್ತು ಜನ. ಎಲ್ಲರೂ ಗೊತ್ತಿರುವವರೇ. ಇಪ್ಪತ್ತೆರಡು ವರ್ಷದಿಂದ ಅವರಿಗೆ ನಾನು ಮೀಟರಮ್ಮ.

ಏಪ್ರಿಲ್ 9, ಬುಧವಾರ. ಬೆಳಿಗ್ಗೆ 11.00

ಹತ್ತೊಂಬತ್ತು ಮನೆಯಲ್ಲೂ "ನೀರು ಕುಡಿದ್ರಾ?" ಅಂತ ಕೇಳಿದೆ. ಹತ್ತೊಂಬತ್ತು ಜನವೂ "ಓಹೋ, ಬೇಕಾದಷ್ಟು." ಸುಳ್ಳು ಯಾರದು, ನಿಜ ಯಾರದು? ನಮ್ಮತ್ತೆಯೂ ಫೋನಿನಲ್ಲಿ ಮಗನಿಗೆ ಹಾಗೇ ಹೇಳುವುದು. ಅವರ ಮಗ, ಅಂದರೆ ನಮ್ಮೆಜಮಾನರು, ಬಸ್ಸಿನ ಸ್ಟೇರಿಂಗ್ ಹಿಡಿದುಕೊಂಡೇ ನಂಬುತ್ತಾರೆ.

ವಾಪಸ್ ಬರುವಾಗ ತಲೆಗೆ ಹೊಳೆಯಿತು. ಬಾಯಿ ಸುಳ್ಳು ಹೇಳಬಹುದು, ಮೀಟರು ಹೇಳುತ್ತದಾ? ನಲ್ಲಿಯಲ್ಲಿ ನೀರು ಬರುವುದು ಬೆಳಿಗ್ಗೆ ಐದೂವರೆಯಿಂದ ಎಂಟರ ತನಕ. ಅಷ್ಟರಲ್ಲಿ ಹಿಡಿದಿಟ್ಟದ್ದೇ ದಿನವಿಡೀ. ನಿನ್ನೆಯ ಅಂಕಿಗೂ ಇವತ್ತಿನ ಅಂಕಿಗೂ ಕಳೆದರೆ ಆ ಮನೆಯಲ್ಲಿ ಎಷ್ಟು ನೀರು ಖರ್ಚಾಯಿತು ಅಂತ ಲೀಟರ್ ಲೆಕ್ಕದಲ್ಲಿ ಗೊತ್ತಾಗುತ್ತದೆ. ಕಡಿಮೆ ಇದ್ದವರ ಕಿವಿ ಹಿಂಡಿದರಾಯಿತು.

ಮತ್ತೆ ಓಡಿ ಹೋಗಿ ಹತ್ತೊಂಬತ್ತೂ ಮೀಟರು ಓದಿ ಬಂದೆ. ಇಕ್ಕಳ ಕೈಯಲ್ಲಿ, ಒದ್ದೆ ಟವೆಲ್ ತಲೆ ಮೇಲೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನನ್ನದೇ ಒಂದು ಐಡಿಯಾ!

ಏಪ್ರಿಲ್ 11, ಶುಕ್ರವಾರ. ಬೆಳಿಗ್ಗೆ 10.40

ಕೆಲಸ ಮಾಡುತ್ತಿದೆ! ಮೂಲೆಮನೆ ದರ್ಜಿ ತಾತನದು ಬರೀ ನಲವತ್ತು ಲೀಟರ್. "ತಾತಾ, ನೀರು ಮುಟ್ಟಿಯೇ ಇಲ್ಲ ನೀವು" ಅಂದೆ. ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿದರು, ನಾನು ಗೋಡೆಯಾಚೆಗೂ ಕಾಣಬಲ್ಲವಳು ಅನ್ನುವ ಹಾಗೆ. ಬಕೆಟ್ ಎತ್ತಲು ಆಗುವುದಿಲ್ಲವಂತೆ. ವ್ಯಾನಿನಲ್ಲಿ ಲೈಬ್ರರಿಗೆ ಕಳಿಸಿದೆ. ಹೊಟ್ಟೆ ತಣ್ಣಗಾಯಿತು.

ಎಲ್ಲರಿಗಿಂತ ಜಾಣೆ ಟೈಪಿಸ್ಟ್ ಅಮ್ಮ. ಗಲ್ಲಿಯ ಕೊನೆಯ ಮನೆ. ಕೋರ್ಟಿನಲ್ಲಿ ಮೂವತ್ತನಾಲ್ಕು ವರ್ಷ ಟೈಪಿಂಗ್, ಈಗಲೂ ಮೇಜಿನ ಮೇಲೆ ಮೆಷಿನ್ನು, ಅದರ ಮೇಲೆ ಇಸ್ತ್ರಿ ಮಾಡಿದ ಬಟ್ಟೆ. ಮಾತು ಅಳೆದು ತೂಗಿ. ನಿನ್ನೆ ಅವರ ಖರ್ಚು 230 ಲೀಟರ್, ಇವತ್ತು 290. ದಿನಕ್ಕೆ ಮೂರು ಸ್ನಾನ, ನೆಲಕ್ಕೆಲ್ಲ ನೀರು ಚಿಮುಕಿಸುತ್ತಿರಬೇಕು. ಹಾಗಿರಬೇಕು ಬಿಸಿಲಲ್ಲಿ! ಅವರ ಕಾಂಪೌಂಡ್ ಗೋಡೆಯ ಬುಡದಲ್ಲಿ ಹುಲ್ಲು ಕೂಡ ಹಸಿರಾಗಿದೆ, ಗುಬ್ಬಿಗಳು ಬಂದು ಕೂರುತ್ತವೆ. ಊರೆಲ್ಲ ಬೂದಿಬಣ್ಣ, ಅಲ್ಲಿ ಮಾತ್ರ ಒಂದು ಹಿಡಿ ತಂಪು.

ಕಿಟಕಿಯಲ್ಲಿ ನಿಂತಿದ್ದರು. "ಇನ್ನೂರ ತೊಂಬತ್ತು ಲೀಟರ್ ಅಮ್ಮ! ಭೇಷ್! ರೂಟಿನಲ್ಲೇ ನೀವು ಫಸ್ಟು!" ಅಂತ ಕೂಗಿದೆ. ನಗಲಿಲ್ಲ. "ಚೆನ್ನಾಗಿದ್ದೀನಿ. ಮುಂದಿನ ಮನೆ ನೋಡು" ಅಂದರು. ದಿನಾ ಅದೇ. ಮುಂದೆ ಮನೆಯೇ ಇಲ್ಲ, ಗೋಡೆ! ನಕ್ಕುಬಿಟ್ಟೆ. ಕೆಳಗೆ ಗುಂಡಿಯಲ್ಲಿ ಮೀಟರಿನ ಪುಟ್ಟ ಕೆಂಪು ಚಕ್ರ ಗಿರಗಿರ. ನೀರು ಹರಿದರೆ ತಿರುಗುತ್ತದೆ, ನಿಂತರೆ ನಿಲ್ಲುತ್ತದೆ. ಒಳಗೆ ಬಕೆಟ್ ಇಟ್ಟು ಕಿಟಕಿಗೆ ಬಂದಿದ್ದಾರೆ ಅಂದುಕೊಂಡೆ.

ನೀರು: ಹತ್ತು ಲೋಟ. ಅತ್ತೆ: ಆರು, ಮೋಸವಿಲ್ಲದೆ.

ಏಪ್ರಿಲ್ 12, ಶನಿವಾರ. ಬೆಳಿಗ್ಗೆ 11.15

ಇಂಜಿನಿಯರ್ ಮೇಡಂಗೆ ನನ್ನ ಪಟ್ಟಿ ತೋರಿಸಿದೆ. ಕನ್ನಡಕ ಮೇಲೆತ್ತಿ ಎರಡು ಸಲ ನೋಡಿದರು. "ಅಕ್ಕ, ಇದು ಯಾರಿಗೂ ಹೊಳೆದಿರಲಿಲ್ಲ. ಸೋಮವಾರದಿಂದ ಹನ್ನೊಂದೂ ರೂಟಿನವರು ಹೀಗೇ ಮಾಡಲಿ. ಮೀಟರ್ ಚೆನ್ನಾಗಿ ಓಡ್ತಿದ್ರೆ ಬಾಗಿಲು ತಟ್ಟೋದೂ ಬೇಡ, ಟೈಮ್ ಉಳಿಯುತ್ತೆ." ಸುತ್ತೋಲೆ ಹೊರಡಿಸುತ್ತಾರಂತೆ. ಅದರಲ್ಲಿ ನಾಲ್ಕನೇ ರೂಟಿನ ಹೆಸರು!

ತಲೆ ಮೇಲೆ ಎರಡು ಕೊಂಬು ಮೂಡಿದ ಹಾಗಿತ್ತು. ಮನೆಗೆ ಬಂದು ಅತ್ತೆಗೆ ಮೂರು ಸಲ ಹೇಳಿದೆ. "ಸರಿ, ಸುತ್ತೋಲೆಯಲ್ಲಿ ನನ್ನ ಇಕ್ಕಳದ ಹೆಸರೂ ಹಾಕ್ಸು" ಅಂದರು.

ಏಪ್ರಿಲ್ 14, ಸೋಮವಾರ. ಮಧ್ಯಾಹ್ನ 12.50

ಹೊರಗೆ ನಲವತ್ತನಾಲ್ಕು ಡಿಗ್ರಿ ಅಂತೆ. ಊಟ ಆಯಿತು. ಟೈಪಿಸ್ಟ್ ಅಮ್ಮನ ಖರ್ಚು ಇವತ್ತು 340 ಲೀಟರ್. ಹೊಸ ಪದ್ಧತಿ ಪ್ರಕಾರ ಬಾಗಿಲು ತಟ್ಟಲಿಲ್ಲ. ಕಿಟಕಿಯಲ್ಲೂ ಇರಲಿಲ್ಲ. ಸ್ನಾನಕ್ಕೆ ಹೋಗಿರಬೇಕು ಅಂತ ಓದಿ, ಮುಚ್ಚಿ, ಬಂದೆ.

ಇದನ್ನು ಬರೆಯುತ್ತಲೇ ಅತ್ತೆಗೆ ಆ ಹಸಿರು ಹುಲ್ಲಿನ ಕಥೆ ಹೇಳುತ್ತಿದ್ದೆ. ಈಗ ಮೊಣಕಾಲೆತ್ತರ ಬಂದಿದೆ, ಗುಬ್ಬಿ ಅಲ್ಲೇ ಮೀಯುತ್ತವೆ ಅಂತ.

ತಟ್ಟೆ ತೊಳೆಯುತ್ತಿದ್ದ ಅತ್ತೆ ಕೈ ನಿಲ್ಲಿಸಿದರು. "ಅದಕ್ಕೆ ನೀರು ಯಾರು ಹಾಕ್ತಾರೆ?"

"ಯಾರೂ ಇಲ್ಲ. ಗೇಟಿನ ಹೊರಗೆ ಅದು."

"ಮತ್ತೆ ಗುಬ್ಬಿ ಮೀಯೋಕೆ ನೀರೆಲ್ಲಿಂದ ಬಂತೇ? ನನ್ನ ಲೋಟ ಮಾತ್ರ ಕಣ್ಣು ಬಿಟ್ಕೊಂಡು ನೋಡ್ತೀಯ. ಆಯಮ್ಮ ಕುಡಿದಿದ್ದು ನೋಡಿದೀಯಾ?"

ಪೈಪು. ಮೀಟರಿನಿಂದ ಮನೆಗೆ ಹೋಗುವ ಪೈಪು ನೆಲದೊಳಗೆ ಒಡೆದಿದೆ. ಓಡಿದ್ದು ನೀರು, ಹುಲ್ಲಿಗೆ. ಅಮ್ಮನಿಗಲ್ಲ. ಇಷ್ಟು ದಿನ...

ವ್ಯಾನಿಗೆ ಫೋನ್ ಮಾಡಿದೆ. ಬಿಸಿಲು ಹಾಳಾಗಲಿ, ಹೊರಟೆ.

ಏಪ್ರಿಲ್ 17, ಗುರುವಾರ. ಸಂಜೆ 5.30

ಎರಡು ದಿನ ಪೆನ್ನು ಮುಟ್ಟಲು ಮನಸ್ಸು ಬರಲಿಲ್ಲ. ಮೊದಲೇ ಬರೆದುಬಿಡುತ್ತೇನೆ — ಅಮ್ಮ ಬದುಕಿದ್ದಾರೆ. ಇವತ್ತು ಮಂಚದಲ್ಲಿ ಎದ್ದು ಕೂತು ಆಸ್ಪತ್ರೆಯ ಬೋರ್ಡಿನಲ್ಲಿ ಎರಡು ಅಕ್ಷರ ತಪ್ಪಿದೆ ಅಂದರಂತೆ. ಅಂದರೆ ಹುಷಾರಾಗಿದ್ದಾರೆ.

ಸೋಮವಾರದ್ದು. ಗಲ್ಲಿಯ ಟಾರು ಚಪ್ಪಲಿಗೆ ಅಂಟುತ್ತಿತ್ತು. ಒಂದು ನರಪಿಳ್ಳೆ ಇಲ್ಲ. ಕೂಗಿದೆ, ಬಾಗಿಲು ಬಡಿದೆ. ಒಳಗಿನಿಂದ ಚಿಲಕ. ಪಕ್ಕದ ಕಿಟಕಿ ಅರ್ಧ ತೆರೆದಿತ್ತು. ಇಣುಕಿದರೆ ಅಮ್ಮ ಮೆಷಿನ್ನಿನ ಮುಂದೆ ಕುರ್ಚಿಯಲ್ಲಿ, ತಲೆ ಒಂದು ಕಡೆ ವಾಲಿದೆ. ಸರಳಿನ ಒಳಗೆ ಭುಜದವರೆಗೆ ಕೈ ತೂರಿಸಿದೆ. ಚಿಲಕ ಒಂದು ಗೇಣು ದೂರ. ಬ್ಯಾಗಿನಲ್ಲಿ ಇಕ್ಕಳ ಇತ್ತು! ಅದರಿಂದ ಚಿಲಕ ಹಿಡಿದು ಎಳೆದೆ. ಮೂರನೇ ಸಲಕ್ಕೆ ಬಂತು.

ಮೈ ಮುಟ್ಟಿದರೆ ಬಿಸಿ ಪಾತ್ರೆ. ಒಂದು ಹನಿ ಬೆವರಿಲ್ಲ. "ಅಮ್ಮಾ, ನಾನು ಮೀಟರಮ್ಮ" ಅಂದೆ. ಕಣ್ಣು ಅರ್ಧ ತೆರೆದು, ತೊದಲುತ್ತಾ, "ಚೆನ್ನಾಗಿದ್ದೀನಿ... ಮುಂದಿನ ಮನೆ ನೋಡು." ನಾನು ಅವರ ಪಕ್ಕದಲ್ಲೇ ಕೂತಿದ್ದೇನೆ, ಭುಜ ಹಿಡಿದುಕೊಂಡಿದ್ದೇನೆ, ಮತ್ತೆ ಅದೇ, "ಮುಂದಿನ ಮನೆ ನೋಡು." ಅಷ್ಟು ದಿನ ನಕ್ಕಿದ್ದೆನಲ್ಲ ಆ ಮಾತಿಗೆ. ಅಳು ಬಂತು. ಅಳುತ್ತಲೇ ಅಡುಗೆಮನೆಗೆ ಓಡಿದೆ. ಕೊಡದಲ್ಲಿ ಎರಡು ಬೆರಳು ನೀರು. ನಲ್ಲಿಯ ಕೆಳಗೆ ಬಕೆಟ್ಟು, ಒಣಗಿದ್ದು.

ನನ್ನ ಬಾಟಲಿ ನೀರನ್ನೆಲ್ಲ ಟವೆಲ್ಲಿಗೆ ಸುರಿದು ಕುತ್ತಿಗೆಗೆ, ಕಂಕುಳಿಗೆ ಇಟ್ಟೆ. ರೀಡಿಂಗ್ ಬುಕ್ಕಿನಲ್ಲಿ ಗಾಳಿ ಬೀಸಿದೆ. ಇದೇ ಬುಕ್ಕು. ಬಾಯಿಗೆ ಮಾತ್ರ ಹಾಕಲಿಲ್ಲ, ನರ್ಸಮ್ಮ ಹೇಳಿದ್ದು ಆ ಗಡಿಬಿಡಿಯಲ್ಲೂ ನೆನಪಿತ್ತು. ವ್ಯಾನ್ ಡ್ರೈವರ್ ಹತ್ತು ನಿಮಿಷಕ್ಕೆ ಬಂದ, ತಣ್ಣೀರಿನ ಕ್ಯಾನ್ ಹೊತ್ತುಕೊಂಡು. "ಅಕ್ಕಾ, ನೀವು ಕಾಲಿನ ಕಡೆ ಹಿಡೀರಿ." ಹಿಡಿದೆ. ಎಷ್ಟು ಹಗುರ ಇದ್ದರು!

ಇನ್ನೂ ಒಂದು ಗಂಟೆ ತಡವಾಗಿದ್ದರೆ ಕಷ್ಟವಿತ್ತು ಅಂದರು ಡಾಕ್ಟರು. ನಾನು ಅದೇ ದಿನ ಬೆಳಿಗ್ಗೆ ಏಳಕ್ಕೆ ಅವರ ಗೇಟಿನಲ್ಲಿದ್ದೆ. 340 ಅಂತ ಬರೆದುಕೊಂಡು ಬಂದಿದ್ದೆ. ಪಕ್ಕದಲ್ಲಿ ಒಂದು ಸ್ಟಾರ್ ಬೇರೆ ಹಾಕಿದ್ದೆ.

ಹೊಸದಾಗಿ ಸೇರಿದವರಿಗೆ ನಾನೇ ಕಲಿಸುವ ಮೊದಲ ಪಾಠ: ಮನೆಯಲ್ಲಿ ಯಾರೂ ನೀರು ಹಿಡಿಯದಿದ್ದರೂ ಚಕ್ರ ತಿರುಗುತ್ತಿದ್ದರೆ ಲೀಕ್. ಅಮ್ಮ ಕಿಟಕಿಯಲ್ಲಿ, ಒಳಗೆ ನಲ್ಲಿಯ ಸದ್ದಿಲ್ಲ, ಚಕ್ರ ಗಿರಗಿರ. ಕಣ್ಣಾರೆ ಕಂಡೆ. ನನ್ನ ಐಡಿಯಾ ನನಗೆ ಅಷ್ಟು ಚೆಂದ ಕಂಡಿತ್ತು.

ಅವತ್ತು ಸಂಜೆಯೇ ಇಂಜಿನಿಯರ್ ಮೇಡಂ ಹತ್ತಿರ ಹೋಗಿ ಹೇಳಿಬಿಟ್ಟೆ. ನೆಲ ಬಾಯಿ ಬಿಟ್ಟರೆ ಸಾಕು ಅನಿಸುತ್ತಿತ್ತು. ಬೈದರೆ ಬೈಯಲಿ ಅಂತ ತಲೆ ತಗ್ಗಿಸಿ ನಿಂತೆ. ಬೈಯಲಿಲ್ಲ. ಫೋನು ಎತ್ತಿಕೊಂಡು, "ಬಾಗಿಲು ತಟ್ಟೋದು ಬೇಡ ಅಂದವಳು ನಾನು ಅಕ್ಕ. ಮೊದಲು ಎಲ್ಲರಿಗೂ ಹೇಳೋಣ, ಆಮೇಲೆ ಇಬ್ಬರೂ ಬೇಜಾರು ಮಾಡ್ಕೊಳ್ಳೋಣ." ಹನ್ನೊಂದು ರೂಟು, ಇನ್ನೂರ ಎಂಟು ಬಾಗಿಲು. ಕತ್ತಲಾಗುವ ಹೊತ್ತಿಗೆ ನಮ್ಮ ರೀಡರುಗಳು ಎಲ್ಲಾ ಬಾಗಿಲು ತಟ್ಟಿ ಮುಖ ನೋಡಿ ಬಂದಿದ್ದರು. ಎಲ್ಲರೂ ಕ್ಷೇಮ. ಪೈಪಿನವರು ಮಾರನೇ ದಿನವೇ ಅಮ್ಮನ ಗೋಡೆಯ ಬುಡ ಅಗೆದು ಸರಿ ಮಾಡಿದರು.

ಬಿಸಿಲಲ್ಲಿ: ಬರೆಯುವುದಿಲ್ಲ. ನೀರು: ಎಂಟು ಲೋಟ, ಅದೂ ಅತ್ತೆ ಎದುರು ಕೂತು ಕುಡಿಸಿದ್ದು.

ಏಪ್ರಿಲ್ 19, ಶನಿವಾರ. ಮಧ್ಯಾಹ್ನ 12.10

ಅಮ್ಮ ಆಸ್ಪತ್ರೆಯಿಂದ ನೇರ ಲೈಬ್ರರಿ ಹಾಲಿಗೆ ಬಂದಿದ್ದಾರೆ. ಹೋಗಲು ಕಾಲೇ ಬರುತ್ತಿರಲಿಲ್ಲ. ಅತ್ತೆ ಬೆನ್ನಿಗೆ ಬಿದ್ದು ಕಳಿಸಿದರು, ತಾವೂ ವ್ಯಾನು ಹತ್ತಿದರು. ಹಾಲ್ ಒಳಗೆ ತಂಪಾಗಿ ಚೆನ್ನಾಗಿದೆ. ದರ್ಜಿ ತಾತ ಪೇಪರ್ ಮುಖದ ಮೇಲೆ ಹಾಕಿಕೊಂಡು ಗೊರಕೆ.

"ಅಮ್ಮ, ನಲ್ಲಿಯಲ್ಲಿ ನೀರು ಬರ್ತಿಲ್ಲ ಅಂತ ನನಗೆ ಒಂದು ಮಾತು ಹೇಳಬಾರದಿತ್ತಾ?"

ಅಮ್ಮ ನನ್ನ ಕಡೆ ತಿರುಗಿದರು. "ಸಣ್ಣಗೆ ಬರ್ತಿತ್ತು. ನೀರು ಮಿತವಾಗಿ ಬಳಸಿ ಅಂತ ಮೈಕಿನಲ್ಲಿ ಕೂಗ್ತಿದ್ರಲ್ಲ, ಎಲ್ಲರಿಗೂ ಅಷ್ಟೇ ಬಿಡ್ತಿದ್ದಾರೆ ಅಂದ್ಕೊಂಡೆ. ಆಮೇಲೆ ನೀನು ಬೀದಿಯಲ್ಲಿ ನಿಂತು ಇನ್ನೂರ ತೊಂಬತ್ತು, ಭೇಷ್, ರೂಟಿಗೇ ಫಸ್ಟು ಅಂತ ಕೂಗಿದೆ. ನಾನು ಜಾಸ್ತಿ ಖರ್ಚು ಮಾಡ್ತಿದ್ದೀನಿ ಅಂತ ಚುಚ್ಚಿ ಹೇಳ್ತಿದ್ದೀಯ ಅನ್ನಿಸ್ತು. ನಾಲ್ಕು ಜನ ಕೇಳಿಸ್ಕೊಂಡ್ರು ಅಂತ ನಾಚಿಕೆ ಆಯ್ತು. ಅವತ್ತಿಂದ ಇನ್ನೂ ಕಡಿಮೆ ಮಾಡಿದೆ."

ಹೊಗಳಿದ್ದೆ ನಾನು. ಮನಸಾರೆ ಹೊಗಳಿದ್ದೆ. ಆ ಹೊಗಳಿಕೆ ಅವರ ಲೋಟವನ್ನೇ ಕಿತ್ತುಕೊಂಡಿತ್ತು.

"ತಪ್ಪಾಯ್ತು ಅಮ್ಮ" ಅಂದೆ.

"ನನ್ನದೂ ಇದೆ. ಕೋರ್ಟಿನಲ್ಲಿ ಅಷ್ಟು ವರ್ಷ ಕೂತು, ಬಾಯಿಬಿಟ್ಟು ಹೇಳಿದ್ದೇ ದಾಖಲೆಗೆ ಹೋಗೋದು ಅಂತ ಗೊತ್ತಿದ್ದೂ ಬಾಯಿ ಬಿಡಲಿಲ್ಲ ನಾನು."

ಅತ್ತೆ ನಡುವೆ ಬಾಯಿ ಹಾಕಿದರು. "ಇಬ್ಬರದೂ ಆಯ್ತಲ್ಲ? ಈಗ ಲೋಟ ತಗೊಳ್ಳಿ. ಇವಳ ಕೈಗೆ ಸಿಕ್ಕಿದ್ರೆ ದಿನಕ್ಕೆ ಆರು, ತಪ್ಪಿಸ್ಕೊಳ್ಳೋಕಾಗಲ್ಲ. ನನ್ನ ಮಂಡಿ ಕೇಳಿ ನೋಡಿ." ಅಮ್ಮ ನಕ್ಕರು. ಇಪ್ಪತ್ತೆರಡು ವರ್ಷದಲ್ಲಿ ಅವರ ಹಲ್ಲು ಕಂಡಿದ್ದು ಇವತ್ತೇ.

ಏಪ್ರಿಲ್ 22, ಮಂಗಳವಾರ. ಬೆಳಿಗ್ಗೆ 11.20

ಹೊಸ ಸುತ್ತೋಲೆ ಹೊರಟಿತು. ಬರೆದಿದ್ದು ಮೇಡಂ, ತಿದ್ದಿದ್ದು ಟೈಪಿಸ್ಟ್ ಅಮ್ಮ. ವ್ಯಾನಿನಲ್ಲಿ ಮೆಷಿನ್ನು ಲೈಬ್ರರಿಗೆ ತರಿಸಿಕೊಂಡು ತಾವೇ ಟೈಪ್ ಮಾಡಿದರು. ಎರಡು ಪುಟ ಇದ್ದದ್ದು ನಾಲ್ಕು ಸಾಲಾಯಿತು. ಬಾಗಿಲು ತಟ್ಟಿ. ಮುಖ ನೋಡಿ. ನಿಮ್ಮೆದುರು ಒಂದು ಲೋಟ ನೀರು ಕುಡಿಯಲಿ. ಆಮೇಲೆ ಮೀಟರು. "ಐದನೇ ಸಾಲು ಯಾರೂ ಓದಲ್ಲ" ಅಂದರು.

ನಾಲ್ಕನೇ ರೂಟಿನ ಹೆಸರು ಇಲ್ಲ. ಒಳ್ಳೆಯದೇ ಆಯಿತು. ಮೇಡಂ ಮಾತ್ರ ಹನ್ನೊಂದು ಇಕ್ಕಳ ತರಿಸಿದ್ದಾರೆ, ಒಬ್ಬೊಬ್ಬರಿಗೆ ಒಂದು. ಅತ್ತೆ ತಮ್ಮದನ್ನು ಹುಣಸೆಹಣ್ಣು ಹಾಕಿ ಉಜ್ಜಿ ಮೊಳೆಗೆ ನೇತುಹಾಕಿದರು. ಆಮೇಲೆ ಅದನ್ನೇ ತೆಗೆದು ನನ್ನ ಬ್ಯಾಗಿಗೆ ಹಾಕಿದರು. "ಹೊಸದು ನನಗಿರಲಿ. ಚಿಲಕ ತೆಗೆದು ಅಭ್ಯಾಸ ಇರೋದು ಇದಕ್ಕೇ."

ಬಿಸಿಲಲ್ಲಿ: ನಾಲ್ಕು ಗಂಟೆ. ನೀರು: ಹನ್ನೊಂದು ಲೋಟ. ಹತ್ತೊಂಬತ್ತು ಮನೆಯಲ್ಲೂ ಜೊತೆಗೆ ಕುಡಿದರೆ ಹೊಟ್ಟೆ ಒಡೆಯುತ್ತದೆ ಅಂತ ಕೆಲವು ಕಡೆ ಬರೀ ಗುಟುಕು. ದಾರಿಯಲ್ಲಿ ಬಚ್ಚಲಿಗೆ ಯಾರ ಮನೆಗೆ ಹೋಗುವುದು? ಅತ್ತೆಯ ಕಷ್ಟ ಈಗ ಅರ್ಥವಾಯಿತು.

ಏಪ್ರಿಲ್ 26, ಶನಿವಾರ. ಬೆಳಿಗ್ಗೆ 6.20

ಅಮ್ಮ ನಿನ್ನೆ ಮನೆಗೆ ವಾಪಸ್. ಹಗಲೆಲ್ಲ ಲೈಬ್ರರಿ, ಬೆಳಿಗ್ಗೆ ಸಂಜೆ ಮನೆ ಅಂತ ಒಪ್ಪಿದ್ದಾರೆ. ಈಗ ಅವರ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಗೋಡೆಯ ಬುಡದ ಹುಲ್ಲು ಹಳದಿಯಾಗುತ್ತಿದೆ. ಗುಬ್ಬಿಗಳಿಗೆ ಅಂತ ಅಮ್ಮ ಒಂದು ಮಣ್ಣಿನ ತಟ್ಟೆ ಇಟ್ಟಿದ್ದಾರೆ.

ಬಾಗಿಲು ತಟ್ಟಿದೆ. ಮುಖ ನೋಡಿದೆ. ಕನ್ನಡಕ, ಬಾಚಿದ ತಲೆ, ಮಾತು ನೆಟ್ಟಗೆ. "ಒಳಗೆ ಬಾ" ಅಂದರು. ಮುಂದಿನ ಮನೆ ನೋಡು ಅನ್ನಲಿಲ್ಲ.

"ಬರ್ತೀನಿ. ಮೊದಲು ನಲ್ಲಿ ತಿರುಗಿಸಿ ಅಮ್ಮ, ಇಲ್ಲಿಂದ ನೋಡ್ತೀನಿ."

ಇಕ್ಕಳದಿಂದ ಮುಚ್ಚಳ ಎತ್ತಿದೆ. ಚಕ್ರ ನಿಂತಿತ್ತು. ನೋಡುತ್ತಾ ಕೂತೆ. ಒಳಗೆ ನಲ್ಲಿಯ ಸದ್ದು, ಪಾತ್ರೆಗೆ ನೀರು ಬಿದ್ದ ಸದ್ದು. ಚಕ್ರ ತಿರುಗಿತು. ಸದ್ದು ನಿಂತಿತು. ಚಕ್ರವೂ ನಿಂತಿತು.

ಚಪ್ಪಲಿಯ ಸದ್ದು ಹತ್ತಿರ ಬರುತ್ತಿದೆ. ಎರಡೂ ಕೈಯಲ್ಲಿ ಲೋಟ, ತುಂಬಿ ತುಳುಕುತ್ತಿದೆ. ನನ್ನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತರು. "ಬೇಗ ಬರೆದು ಮುಗಿಸು, ನೋಡೋಳು ನೀನು ತಾನೇ?" ಅನ್ನುತ್ತಿದ್ದಾರೆ.

ಬಿಸಿಲಲ್ಲಿ: ಇಪ್ಪತ್ತು ನಿಮಿಷ. ನೀರು: ನನ್ನದು ಒಂದು ಲೋಟ, ಅಮ್ಮನದು... ಕುಡಿಯುತ್ತಿದ್ದಾರೆ, ನೋಡುತ್ತಿದ್ದೇನೆ.